ಕುಲಪತಿ ಹುದ್ದೆಗೆ ಮೂರು ಹೆಸರು, ಮೂರು ದಿಕ್ಕು

ರಾಜ್ಯದ ಯಾವುದೇ ವಿಶ್ವವಿದ್ಯಾಲಯದಲ್ಲಿ ಕುಲಪತಿ ಹುದ್ದೆ ತೆರವಾದರೂ ಏಳುವ ಪ್ರಶ್ನೆ ಒಂದೇ. ನೇಮಕ ರಾಜಭವನದ್ದೋ, ವಿಧಾನಸೌಧದ್ದೋ, ವಿಶ್ವವಿದ್ಯಾಲಯ ಅನುದಾನ ಆಯೋಗದ್ದೋ (ಯುಜಿಸಿ)? ಮೂವರಿಗೂ ಪಾಲಿದೆ. ಗೋಜಲು ಹುಟ್ಟುವುದೂ ಅಲ್ಲಿಯೇ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಮಹಾರಾಜರೇ ಕುಲಾಧಿಪತಿ, ಅಂದರೆ ಕುಲಪತಿಗೂ ಮೇಲಿನ ಮುಖ್ಯಸ್ಥರು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ ಸಂಸ್ಥಾನದ ಹಿರಿಯ ಅಧಿಕಾರಿ. ಅವರ ನಂತರ ಬಂದ ಬ್ರಜೇಂದ್ರನಾಥ ಶೀಲ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕ. ಆಡಳಿತಕ್ಕೂ ಅಧ್ಯಾಪನಕ್ಕೂ ಆಗ ನಡುಗೋಡೆ ಇರಲಿಲ್ಲ. ಗಣಿತಜ್ಞ ಡಿ.ಸಿ. ಪಾವಟೆ ಮುಂಬಯಿ ರಾಜ್ಯದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದು, 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾದರು; ಅಲ್ಲಿಂದ ಪಂಜಾಬಿನ ರಾಜ್ಯಪಾಲರಾಗಿ ಹೋದರು. ಒಂದೇ ಕುರ್ಚಿಯಲ್ಲಿ ಹದಿಮೂರು ವರ್ಷ. ಈಗಿನ ಅವಧಿ ನಾಲ್ಕು.

1976ರ ಕಾಯ್ದೆಯ ಜಾಗಕ್ಕೆ ಬಂದ 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ 14ನೇ ಪ್ರಕರಣವೇ ಇಂದಿನ ದಾರಿ. ಶೋಧನಾ ಸಮಿತಿಯಲ್ಲಿ ನಾಲ್ವರು: ಕುಲಾಧಿಪತಿಯಾದ ರಾಜ್ಯಪಾಲರು, ಯುಜಿಸಿ, ರಾಜ್ಯ ಸರ್ಕಾರ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ತಲಾ ಒಬ್ಬರನ್ನು ಸೂಚಿಸಬೇಕು. ಅವರಲ್ಲಿ ಅಧ್ಯಕ್ಷರಾರು ಎಂದು ಹೇಳುವುದು ಸರ್ಕಾರ. ಸಮಿತಿ ಮೂರು ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಬರೆದುಕೊಡುತ್ತದೆ. ತನ್ನ ಮೊದಲ ಆಯ್ಕೆ ಯಾರೆಂದು ಸೂಚಿಸಲು ಸಮಿತಿಗೆ ಅವಕಾಶವೇ ಇಲ್ಲ. ಪಟ್ಟಿ ಸರ್ಕಾರದ ಮೂಲಕ ರಾಜ್ಯಪಾಲರಿಗೆ ಹೋಗುತ್ತದೆ. ಅವರು ಒಬ್ಬರನ್ನು ಆರಿಸಬೇಕು, ಆದರೆ ಸರ್ಕಾರದ ಸಹಮತಿಯೊಂದಿಗೆ.

ಈ ‘ಸಹಮತಿ’ ಎಂಬ ಪದದ ಮೇಲೆಯೇ ಕಡತ ಕುಳಿತುಬಿಡುತ್ತದೆ. ಎರಡೂ ಕಡೆ ಮನಸ್ಸು ಕೂಡಿದರೆ ಆದೇಶ ಬೇಗ ಹೊರಬೀಳುತ್ತದೆ. ಕೂಡದಿದ್ದರೆ ಅತ್ತಿಂದಿತ್ತ ಓಡಾಟ. ಅದಕ್ಕೂ ಮುನ್ನವೇ ನಾಲ್ವರಲ್ಲಿ ಒಬ್ಬರ ಹೆಸರು ಬರುವುದು ತಡವಾದರೂ ಸಮಿತಿ ಸೇರುವಂತಿಲ್ಲ. ಅಷ್ಟರಲ್ಲಿ ಹಳೆಯ ಕುಲಪತಿಯ ಅವಧಿ ಮುಗಿದು, ಹಿರಿಯ ಡೀನ್ ಒಬ್ಬರಿಗೆ ಪ್ರಭಾರ. ಪ್ರಭಾರದಲ್ಲಿರುವವರು ಸಂಬಳದ ಬಿಲ್ಲಿಗೆ ಸಹಿ ಹಾಕುತ್ತಾರೆ, ಘಟಿಕೋತ್ಸವವನ್ನೂ ನಡೆಸಿಯಾರು. ಬೋಧಕರ ನೇಮಕಾತಿಯಂಥ ಕೆಲಸಕ್ಕೆ ಮಾತ್ರ ಕೈಹಾಕಲು ಹಿಂಜರಿಯುತ್ತಾರೆ, ಅದು ಸಹಜವೂ ಹೌದು. ಅವಧಿ ಮುಗಿಯುವ ದಿನಾಂಕ ನಾಲ್ಕು ವರ್ಷ ಮೊದಲೇ ಗೊತ್ತಿರುವಾಗ ಇಷ್ಟು ಗಡಿಬಿಡಿ ಏಕೋ!

ಇದರ ಮೇಲೆ ಯುಜಿಸಿಯ 2010 ಮತ್ತು 2018ರ ನಿಯಮಗಳು ಬಂದವು. ಪ್ರಾಧ್ಯಾಪಕರಾಗಿ ಅಥವಾ ಸಂಶೋಧನಾ ಸಂಸ್ಥೆಯ ಸಮಾನ ಹುದ್ದೆಯಲ್ಲಿ ಕನಿಷ್ಠ ಹತ್ತು ವರ್ಷ ಅನುಭವವಿರಬೇಕು. ಸಮಿತಿಯ ಸದಸ್ಯರಿಗೆ ಆ ವಿಶ್ವವಿದ್ಯಾಲಯದೊಂದಿಗೆ ಯಾವ ನಂಟೂ ಇರಬಾರದು. ಮೂರರಿಂದ ಐದು ಹೆಸರು ಕೊಡಬೇಕು. ಇದು ಬರೀ ಸಲಹೆಯಲ್ಲ ಎಂಬುದು 2022ರಲ್ಲಿ ಖಚಿತವಾಯಿತು. ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಕುಲಪತಿ ನೇಮಕವನ್ನು ಸುಪ್ರೀಂ ಕೋರ್ಟ್ ಮಾರ್ಚ್‌ನಲ್ಲಿ ರದ್ದುಮಾಡಿತು. ಅಕ್ಟೋಬರ್‌ನಲ್ಲಿ ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ ಸರದಿ. ಅಲ್ಲಿನ ಸಮಿತಿ ಒಂದೇ ಹೆಸರು ಕಳಿಸಿತ್ತು.

2024ರ ಡಿಸೆಂಬರ್‌ನಲ್ಲಿ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಮುಖ್ಯಮಂತ್ರಿಯೇ ಕುಲಾಧಿಪತಿಯಾಗುವ ಮಸೂದೆಯನ್ನು ಶಾಸನಸಭೆ ಒಪ್ಪಿತು. ಮರು ತಿಂಗಳೇ ಯುಜಿಸಿಯ ಹೊಸ ಕರಡು ಹೊರಬಂತು. ಉದ್ಯಮ, ಸಾರ್ವಜನಿಕ ಆಡಳಿತದಲ್ಲಿ ಹತ್ತು ವರ್ಷ ಹಿರಿಯ ಹುದ್ದೆಯಲ್ಲಿದ್ದವರೂ ಕುಲಪತಿಯಾಗಬಹುದು ಎನ್ನುತ್ತದೆ ಕರಡು. ಅಂದರೆ ಈಗಿನ ನಿಯಮದಲ್ಲಿ ಬಾಗಿಲಲ್ಲೇ ನಿಲ್ಲಬೇಕಾಗಿದ್ದ ನಂಜುಂಡಯ್ಯನವರಂಥವರಿಗೆ ಮತ್ತೆ ದಾರಿ. ಆದರೆ ಜಗಳ ಹತ್ತಿದ್ದು ಬರೀ ಅರ್ಹತೆಗಲ್ಲ. ಕರಡಿನ ಶೋಧನಾ ಸಮಿತಿಯಲ್ಲಿ ಇರುವವರು ಮೂವರು, ರಚಿಸುವವರು ಕುಲಾಧಿಪತಿ. ಬಜೆಟ್‌ನಲ್ಲಿ ಹಣ ಕೊಡುವ ರಾಜ್ಯ ಸರ್ಕಾರದ ಪ್ರತಿನಿಧಿಗೆ ಅಲ್ಲಿ ಕುರ್ಚಿ ಇಲ್ಲ.