ಸಣ್ಣ ಊರಿನ ನೆರೆ ಯಾವ ಪಟ್ಟಿಯಲ್ಲಿದೆ?

ವಿಪತ್ತುಗಳ ಲೆಕ್ಕ ಬೇಕಾದಾಗ ವಿಪತ್ತಿನ ಅಧ್ಯಯನ ಮಾಡುವ ನಮ್ಮಂಥವರು ಮೊದಲು ತೆರೆಯುವುದು ಇಎಂ-ಡ್ಯಾಟ್ ಎಂಬ ಜಾಗತಿಕ ದತ್ತಾಂಶವನ್ನು. ಬೆಲ್ಜಿಯಂನ ಸಂಶೋಧನಾ ಕೇಂದ್ರವೊಂದು 1988ರಿಂದ ನಡೆಸಿಕೊಂಡು ಬಂದಿರುವ ಈ ಪಟ್ಟಿಗೆ ಸೇರಬೇಕಾದರೆ 10 ಜನ ಸತ್ತಿರಬೇಕು, ಇಲ್ಲವೇ 100 ಜನ ಸಂತ್ರಸ್ತರಾಗಿರಬೇಕು, ಅದೂ ಇಲ್ಲದಿದ್ದರೆ ಸರ್ಕಾರ ತುರ್ತುಸ್ಥಿತಿ ಸಾರಿರಬೇಕು ಅಥವಾ ಹೊರದೇಶಗಳ ನೆರವು ಕೇಳಿರಬೇಕು. ದೇಶ ದೇಶಗಳನ್ನು ಹೋಲಿಸಲು ಇದು ಸಾಕು. ಆದರೆ ಸಣ್ಣ ಊರೊಂದರಲ್ಲಿ ಹೊಳೆ ಉಕ್ಕಿ ಇಬ್ಬರು ಕೊಚ್ಚಿಹೋಗಿ, ಹತ್ತು ಹನ್ನೆರಡು ಮನೆ ಬಿದ್ದರೆ ಅದು ಇಲ್ಲಿ ಸಿಗುವುದಿಲ್ಲ. ದಶಕಕ್ಕೊಮ್ಮೆ ಹೀಗೇ ಆಗುತ್ತಾ ಶತಮಾನ ಕಳೆದರೂ ಸಿಗುವುದಿಲ್ಲ. ಈ ಕೊರತೆ ಕಂಡೇ ಲ್ಯಾಟಿನ್ ಅಮೆರಿಕದ ಸಂಶೋಧಕರು 1994ರಲ್ಲಿ ಡೆಸ್‌ಇನ್ವೆಂಟಾರ್ ಎಂಬ ಇನ್ನೊಂದು ಪದ್ಧತಿ ಶುರುಮಾಡಿದರು. ಅದರಲ್ಲಿ ಪುರಸಭೆ ಮಟ್ಟದ ಸಣ್ಣ ಹಾನಿಗೂ ಜಾಗವಿದೆ. ಹಾಗಿದ್ದರೂ ಯಾರಾದರೂ ಕೂತು ತುಂಬಿದರೆ ತಾನೇ?

ಊರಿನ ವಿಪತ್ತಿನ ಚರಿತ್ರೆ ಹೆಚ್ಚಾಗಿ ಇರುವುದು ವಿಪತ್ತಿನ ಹೆಸರೇ ಇಲ್ಲದ ಕಾಗದಗಳಲ್ಲಿ. ಯಾವ ವರ್ಷ ಭೂಕಂದಾಯ ಮನ್ನಾ ಆಯಿತು, ಯಾವ ತಿಂಗಳು ಶಾಲೆಯ ಹಾಜರಿ ಪುಸ್ತಕ ಖಾಲಿ ಉಳಿಯಿತು, ಸೇತುವೆಯ ಒಂದೇ ಕಂಬ ಎಷ್ಟು ಸಲ ರಿಪೇರಿಗೆ ಬಂತು, ಮರಣ ನೋಂದಣಿಯಲ್ಲಿ ಒಂದೇ ವಾರ ಎಷ್ಟು ಹೆಸರು ಬಿದ್ದವು ಎಂಬುದನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಬೇಕು. ನೆರೆಗಾದರೆ ತಾರೀಖು ಇರುತ್ತದೆ. ಬರಕ್ಕೆ ಅದೂ ಇಲ್ಲ. ಶಾಲೆಯ ದಾಖಲಾತಿ ಇಳಿದದ್ದು, ಜಮೀನು ಕೈಬದಲಾದದ್ದು, ಜನ ಊರು ಬಿಟ್ಟದ್ದು, ಇವೇ ಅದರ ಗುರುತು. ಬಿಸಿಗಾಳಿಗೆ ಬಲಿಯಾದವರ ಹೆಸರಿನ ಮುಂದೆ ‘ಹೃದಯಾಘಾತ’ ಎಂದೋ ‘ವೃದ್ಧಾಪ್ಯ’ ಎಂದೋ ಬರೆದಿರುತ್ತದೆ.

ಹಿರಿಯರನ್ನು ಕೇಳುವಾಗ ಇಸವಿ ಕೇಳಿ ಪ್ರಯೋಜನವಿಲ್ಲ. ಆಗ ನಿಮ್ಮ ದೊಡ್ಡ ಮಗ ಹುಟ್ಟಿದ್ದನೇ, ನೀರು ಯಾವ ಮೆಟ್ಟಿಲವರೆಗೆ ಬಂದಿತ್ತು ಎಂದು ಕೇಳಿದರೆ ಉತ್ತರ ಖಚಿತವಾಗಿ ಬರುತ್ತದೆ. ಒಂದು ತೊಡಕು ಮಾತ್ರ ಇದ್ದದ್ದೇ: ಎರಡು ನೆರೆಗಳು ನೆನಪಿನಲ್ಲಿ ಬೆರೆತು ಒಂದೇ ದೊಡ್ಡ ನೆರೆಯಾಗಿಬಿಟ್ಟಿರುತ್ತವೆ.

ಗೋಡೆಯ ಮೇಲಿನ ನೆರೆ ಗುರುತನ್ನು ಜನ ಬಹಳ ನಂಬುತ್ತಾರೆ. ನಾನು ಅಷ್ಟಾಗಿ ನಂಬುವುದಿಲ್ಲ. ಇಸವಿ ಕೆತ್ತಿದ ಕಲ್ಲು ಸಿಕ್ಕರೆ ಮೊದಲು ನೋಡುವುದು ಅದರ ಸುತ್ತಲಿನ ಗಾರೆಯನ್ನು. ಉಳಿದ ಗೋಡೆಯದು ಸುಣ್ಣದ ಗಾರೆ, ಕಲ್ಲಿನ ಸುತ್ತ ಸಿಮೆಂಟು ಎಂದಾದರೆ ಕಟ್ಟಡ ದುರಸ್ತಿಯಾದಾಗ ಯಾರೋ ಕಲ್ಲನ್ನು ಕಿತ್ತು ಮತ್ತೆ ಕೂರಿಸಿದ್ದಾರೆ ಎಂದರ್ಥ. ಹಳೆಯ ಎತ್ತರದಲ್ಲೇ ಕೂರಿಸಿದರೇ ಎಂಬುದಕ್ಕೆ ಖಾತ್ರಿಯಿಲ್ಲ. ಇನ್ನು ‘ರಸ್ತೆಯಿಂದ ಮೂರು ಅಡಿ’ ಎಂಬ ಅಳತೆಯಂತೂ ಉಪಯೋಗಕ್ಕೆ ಬಾರದು. ಪ್ರತಿ ಡಾಂಬರಿನ ಜೊತೆ ರಸ್ತೆಯೇ ಮೇಲೇರಿರುತ್ತದೆ, ಹಳೆಯ ಅಳತೆಯನ್ನು ಇಂದಿನ ರಸ್ತೆಯಿಂದ ಹಿಡಿದರೆ ನೆರೆ ಇದ್ದದ್ದಕ್ಕಿಂತ ದೊಡ್ಡದಾಗುತ್ತದೆ. ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಗುರುತಿಸಿದರೆ ಮಾತ್ರ 50 ವರ್ಷದ ನಂತರ ಬಂದವರಿಗೆ ಅರ್ಥವಾದೀತು.

ಬಹು ದೊಡ್ಡ ವಿಪತ್ತುಗಳ ಕಥೆಯೇ ಬೇರೆ. ಅವು ತಮ್ಮ ದಾಖಲೆಯನ್ನೂ ಕಚೇರಿಯ ಸಮೇತ ನುಂಗಿಹಾಕುತ್ತವೆ, ಇಲ್ಲವೇ ಬರೆಯುವವರೇ ಇಲ್ಲದ ಕಾಲದಲ್ಲಿ ಬಂದುಹೋಗಿರುತ್ತವೆ. ಉತ್ತರ ಅಮೆರಿಕದ ವಾಯವ್ಯ ಕರಾವಳಿಯಲ್ಲಿ 1700ರ ಜನವರಿ 26ರ ರಾತ್ರಿ ಭೂಕಂಪವಾಯಿತು, ಅದರ ತೀವ್ರತೆ 9ರ ಆಸುಪಾಸಿನದು. ಅಲ್ಲಿ ಅದನ್ನು ಬರೆದಿಟ್ಟವರು ಯಾರೂ ಇಲ್ಲ. ನೆಲ ಕುಸಿದು ಉಪ್ಪುನೀರಿನಲ್ಲಿ ನಿಂತಲ್ಲೇ ಸತ್ತ ರೆಡ್ ಸೀಡರ್ ಎಂಬ ಮರಗಳು ಉಳಿದವು. ಅವುಗಳ ಬೇರಿನ ಉಂಗುರಗಳನ್ನು ಎಣಿಸಿದಾಗ ಮರಗಳು 1699ರ ಆಗಸ್ಟ್ ಮತ್ತು 1700ರ ಮೇ ನಡುವೆ ಸತ್ತದ್ದು ತಿಳಿಯಿತು. ದಿನಾಂಕ ಸಿಕ್ಕಿದ್ದು ಪೆಸಿಫಿಕ್ ಸಾಗರದ ಆಚೆ ದಡದಲ್ಲಿ. ನೆಲ ನಡುಗದೆಯೇ ಸುನಾಮಿ ಬಂತೆಂದು ಜಪಾನಿನ ಕರಾವಳಿ ಹಳ್ಳಿಗಳವರು ಬರೆದಿಟ್ಟಿದ್ದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೋಸದ ಪುಟ ಎಂದರೆ ಏನೂ ಆಗದ ವರ್ಷಗಳದ್ದು. ಅಮೆರಿಕದ ಇಲಿನಾಯ್ ರಾಜ್ಯದ ವಾಲ್‌ಮೈಯರ್ ಸುಮಾರು 900 ಜನರಿದ್ದ ಊರು, ಮಿಸಿಸಿಪಿ ನದಿಯ ಬಯಲಲ್ಲಿತ್ತು. 1943, 1944 ಮತ್ತು 1947ರಲ್ಲಿ ನೆರೆ ಬಂತು. ಆಮೇಲೆ ಒಡ್ಡು ಎತ್ತರಿಸಿದರು. ನಾಲ್ಕೂವರೆ ದಶಕ ಊರಿನ ಕಡತದಲ್ಲಿ ದೊಡ್ಡ ನೆರೆಯಿಲ್ಲ. ಅಷ್ಟರಲ್ಲಿ ಒಂದು ತಲೆಮಾರು ನೆರೆ ಕಾಣದೆಯೇ ಬೆಳೆದು ಮನೆ ಕಟ್ಟಿಕೊಂಡಿತು. ಆ ಮೌನವನ್ನು ನದಿ ಸೌಮ್ಯವಾಯಿತು ಎಂದು ಓದುವುದು ಸುಲಭ. ನಿಜದಲ್ಲಿ ಒಡ್ಡು ಸಣ್ಣಪುಟ್ಟ ನೆರೆಗಳನ್ನು ತಡೆದು, ತಾನು ತಡೆಯಲಾರದ ನೆರೆಗೆ ಹೆಚ್ಚು ಮನೆಗಳನ್ನು ಒದಗಿಸಿಟ್ಟಿತ್ತು. 1993ರ ಆಗಸ್ಟಿನಲ್ಲಿ ಊರು ಮುಳುಗಿತು. ಹೆಚ್ಚಿನ ಮನೆಗಳು ದುರಸ್ತಿಗೆ ಯೋಗ್ಯವಾಗಿ ಉಳಿಯಲಿಲ್ಲ. ಊರವರು ಸುಮಾರು 120 ಮೀಟರ್ ಎತ್ತರದ ದಿಬ್ಬದ ಮೇಲೆ ಹೊಸ ಊರನ್ನೇ ಕಟ್ಟಿಕೊಂಡರು. ಕಡತದಲ್ಲಿ ಖಾಲಿ ವರ್ಷಗಳು ಕಂಡಾಗ ಅದಕ್ಕೇ ನಾನು ಕೇಳುವ ಮೊದಲ ಪ್ರಶ್ನೆ, ಆ ನಡುವೆ ಒಡ್ಡೋ ಅಣೆಕಟ್ಟೋ ಕಟ್ಟಿದರೇ ಎಂಬುದು.

ಇದಕ್ಕೆ ಉಲ್ಟಾ ತಪ್ಪೂ ಇದೆ, ಅರ್ಥವಿಲ್ಲದ ಕಡೆ ಅರ್ಥ ಹುಡುಕುವುದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಕೋಡೆಲ್ ಎಂಬ ಪುಟ್ಟ ಊರಿಗೆ 1916, 1917, 1918ರಲ್ಲಿ ಸತತವಾಗಿ ಮೇ 20ರಂದೇ ಸುಂಟರಗಾಳಿ ಬಂತು. ಮೂರನೆಯದು ಜನರನ್ನೂ ಬಲಿ ತೆಗೆದುಕೊಂಡಿತು. ಮೇ ತಿಂಗಳು ಅಲ್ಲಿ ಸುಂಟರಗಾಳಿಯ ಕಾಲ ಎಂಬುದು ನಿಜ. 20 ಎಂಬ ತಾರೀಖಿಗೆ ಏನೂ ಅರ್ಥವಿಲ್ಲ, ಅದು ಕಾಕತಾಳೀಯ. ಆದರೆ 1919ರ ಮೇ 20ರಂದು ಆ ಊರಿನಲ್ಲಿ ನಿಂತು ಹಾಗೆ ಹೇಳುವ ಧೈರ್ಯ ನನಗಂತೂ ಇರುತ್ತಿರಲಿಲ್ಲ. ‘ನೂರು ವರ್ಷದ ನೆರೆ’ಯ ವಿಷಯದಲ್ಲೂ ಇದೇ ಗೊಂದಲ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಜನ ತಿಳಿಯುತ್ತಾರೆ. ಪ್ರತಿ ವರ್ಷವೂ ಶೇ. 1ರಷ್ಟು ಸಾಧ್ಯತೆ ಇದೆ ಎಂಬುದಷ್ಟೇ ಅದರ ಲೆಕ್ಕ. 30 ವರ್ಷ ವಾಸವಿರುವ ಮನೆಗೆ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ಶೇ. 26.

ಹಳೆಯದನ್ನು ಹುಡುಕುವುದಕ್ಕಿಂತ ಹೊಸದನ್ನು ಆಗಲೇ ಬರೆದಿಡುವುದು ಎಷ್ಟೋ ಸುಲಭ. ನೀರು ಇಳಿದ ಮೇಲೆ ಗೋಡೆಯಲ್ಲಿ ನುಣುಪು ಕೆಸರು, ಹುಲ್ಲುಬೀಜಗಳ ಸಣ್ಣ ಗೆರೆ ಉಳಿಯುತ್ತದೆ. ಹೊರಗೋಡೆಯ ಗೆರೆ ಅಷ್ಟು ನಂಬಿಕೆಗೆ ಅರ್ಹವಲ್ಲ, ಹರಿಯುವ ನೀರು ಅಡ್ಡ ಬಂದದ್ದಕ್ಕೆ ಬಡಿದು ಮೇಲೇಳುತ್ತದೆ. ಬಾಗಿಲು ಮುಚ್ಚಿದ ಕೋಣೆಯೊಳಗೆ ನೀರು ಅಲುಗದೆ ನಿಂತಿರುವುದರಿಂದ ಅಲ್ಲಿನ ಗೆರೆಯೇ ನಿಜವಾದ ಮಟ್ಟ. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಟೇಪು ಹಿಡಿದು ಫೋಟೋ ತೆಗೆದು, ತಾರೀಖು ಮತ್ತು ಜಾಗ ಬರೆದರೆ ಮುಗಿಯಿತು. ಎತ್ತರದ ಸರ್ವೆ ಮುಂದಿನ ತಿಂಗಳಾದರೂ ಆದೀತು. ಅವಸರ ಇರುವುದು ಗೆರೆಗೆ. ಮನೆಯವರು ಒಂದೆರಡು ದಿನದಲ್ಲೇ ತೊಳೆಯಲು ಶುರುಮಾಡುತ್ತಾರೆ, ಬೇಡ ಎನ್ನುವುದು ನ್ಯಾಯವೂ ಅಲ್ಲ. ಒಂದು ಮೂಲೆಯನ್ನು ಕೊನೆಗೆ ತೊಳೆಯಿರಿ ಎಂದು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.