ಗುಜರಿ ಶಾಕ್ ಅಬ್ಸಾರ್ಬರ್ ತಗೋಬಹುದಾ, ನೋಡೋದು ಹೇಗೆ?

ಪ್ರಶ್ನೆ: ನಮ್ಮ ಹಳೇ ವ್ಯಾಗನ್ ಆರ್‌ದು ಹಿಂದಿನ ಶಾಕ್ಸ್ ಎರಡೂ ಹೋಗಿವೆ ಅಂತ ಮೆಕ್ಯಾನಿಕ್ ಹೇಳ್ತಿದಾರೆ. ಶಿವಾಜಿನಗರದಲ್ಲಿ ಒಂದು ಜೊತೆ ಸೆಕೆಂಡ್ಸ್, ಹೊಸದರ ಅರ್ಧಕ್ಕಿಂತ ಕಮ್ಮಿಗೆ ಸಿಗ್ತಿದೆ, ಒಳ್ಳೆ ಕಂಡೀಷನ್ ಸಾರ್ ಅಂತಾರೆ. ಕೈಯಲ್ಲೇ ಚೆಕ್ ಮಾಡಿ ಚೆನ್ನಾಗಿದೆಯೋ ಇಲ್ವೋ ಹೇಳೋಕಾಗುತ್ತಾ?

ಅರ್ಧ ಆಗುತ್ತೆ. ಕೈಯಲ್ಲಿ ನೋಡಿ "ಇದು ಹೋಗಿದೆ" ಅಂತ ಧೈರ್ಯವಾಗಿ ಹೇಳ್ಬಹುದು, ಆದ್ರೆ "ಇದು ಚೆನ್ನಾಗಿದೆ" ಅಂತ ಹೇಳೋಕೆ ಆಗಲ್ಲ. ಯಾಕಂದ್ರೆ ನಾವು ಕೈಯಲ್ಲಿ ಎಷ್ಟು ಜೋರಾಗಿ ಒತ್ತಿದ್ರೂ ರಾಡು (ಶಾಕ್ಸ್ ಒಳಗೆ ಹೊರಗೆ ಓಡಾಡೋ ಕಂಬಿ) ನಿಧಾನವಾಗೇ ಓಡೋದು, ಗಾಡಿ ಗುಂಡಿಗೆ ಬಿದ್ದಾಗ ಅದೇ ರಾಡು ಅದಕ್ಕಿಂತ ಎಷ್ಟೋ ಸ್ಪೀಡಲ್ಲಿ ಒಳಗೆ ಹೋಗುತ್ತೆ, ಆವಾಗ ಕೆಲಸ ಮಾಡೋ ವಾಲ್ವ್ ಸವೆದಿದ್ರೆ ಅಂಗಡಿ ಕೌಂಟರ್ ಮೇಲೆ ಅದು ಗೊತ್ತೇ ಆಗಲ್ಲ. ಹಾಗಾಗಿ ಚೆಕಿಂಗ್ ಏನಿದ್ರೂ ತಿರಸ್ಕಾರ ಮಾಡೋಕೆ ಅಷ್ಟೇ.

ಮೊದ್ಲು ಆಯಿಲ್ ನೋಡಿ. ಸೀಲ್ (ರಾಡು ಹೊರಗೆ ಬರೋ ಜಾಗದ ರಬ್ಬರ್ ಉಂಗುರ) ಹತ್ರ ತೆಳ್ಳಗೆ ಜಿಡ್ಡು, ಅದಕ್ಕೆ ಅಂಟಿದ ಧೂಳು, ಇದು ಮಾಮೂಲಿ, ರಾಡು ಒಳಗೆ ಹೊರಗೆ ಓಡಾಡ್ತಾ ಸ್ವಲ್ಪ ಆಯಿಲ್ ತರ್ತಾ ಇರುತ್ತೆ. ಶಾಕ್ಸ್ ಬಾಡಿ ಮೇಲಿಂದ ಕೆಳಗಿನವರೆಗೂ ಆಯಿಲ್ ಇಳಿದ ಗುರುತಿದ್ರೆ ಮಾತ್ರ ಮುಂದಿನ ಚೆಕಿಂಗೇ ಬೇಡ, ವಾಪಸ್ ಇಡಿ. ಇನ್ನೊಂದು ಕಡೆ, ಪಳಪಳ ಅನ್ನೋಷ್ಟು ಕ್ಲೀನಾಗಿ ಹೊಸ ಕಪ್ಪು ಪೇಂಟ್ ಹೊಡೆದಿದ್ರೆ ಅದೂ ಅನುಮಾನವೇ. ಕೆಲವ್ರು ಹಳೇ ಶಾಕ್ಸ್‌ಗೆ ತೂತು ಹಾಕಿ, ಸಿಕ್ಕಿದ ಆಯಿಲ್ ತುಂಬಿ, ವೆಲ್ಡ್ ಮಾಡಿ ಪೇಂಟ್ ಹೊಡೆದು ರೀಕಂಡೀಷನ್ ಅಂತ ಕೊಡ್ತಾರೆ. ವ್ಯಾಗನ್ ಆರ್ ಹಿಂದಿನದು ಗ್ಯಾಸ್ ತುಂಬಿದ ಟೈಪು, ತೂತು ಹಾಕಿದ್ಮೇಲೆ ಆ ಗ್ಯಾಸ್ ಎಲ್ಲಿ ಉಳಿಯುತ್ತೆ? ಬಾಡಿ ಮೇಲೆ ಬೆರಳಾಡಿಸಿ, ವೆಲ್ಡಿಂಗ್ ಗಂಟು ಸಿಕ್ರೆ ಗೊತ್ತಾಗುತ್ತೆ.

ಆಮೇಲೆ ರಾಡು, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಪೂರ್ತಿ ಹೊರಗೆ ಎಳೆದು, ಬಟ್ಟೆಯಲ್ಲಿ ಒರೆಸಿ, ಉಗುರಿಂದ ಉದ್ದಕ್ಕೂ ಗೀರ್ತಾ ಹೋಗಿ. ಎಲ್ಲಾದ್ರೂ ಉಗುರು ತಡೀತು ಅಂದ್ರೆ ಅಲ್ಲಿ ಕ್ರೋಮ್ ಎದ್ದಿದೆ ಇಲ್ಲಾ ತುಕ್ಕು ಹಿಡಿದಿದೆ, ಆ ಜಾಗ ಸೀಲ್ ಒಳಗೆ ಹೋಗಿ ಬರೋವಾಗ ಉಪ್ಪು ಕಾಗದ ಉಜ್ಜಿದ ಹಾಗೆ ರಬ್ಬರ್ ತಿಂದುಬಿಡುತ್ತೆ. ಇವತ್ತು ಲೀಕ್ ಇಲ್ದೇ ಇರಬಹುದು, ಸ್ವಲ್ಪ ದಿನ ಓಡಿಸಿದ್ರೆ ಶುರುವಾಗುತ್ತೆ. ಬಿಚ್ಚೋವಾಗ ಯಾರೋ ರಾಡನ್ನ ಪ್ಲೈಯರಲ್ಲಿ ಹಿಡಿದಿರೋ ಹಲ್ಲಿನ ಗುರುತೂ ಅಷ್ಟೇ, ಅದು ಸೀಲ್ ಓಡಾಡೋ ಜಾಗದಲ್ಲಿದ್ರೆ ಬೇಡ. ಹಾಗೇ ರಾಡು ತಿರುಗಿಸಿ ನೋಡಿ, ಓಲಾಡಿದ್ರೆ ಬಗ್ಗಿದೆ, ಆಕ್ಸಿಡೆಂಟ್ ಗಾಡಿದೂ ಇರಬಹುದು.

ಈಗ ಒತ್ತಿ ನೋಡೋದು. ಇಲ್ಲಿ ತುಂಬಾ ಜನ ಎಡವ್ತಾರೆ. ಎಷ್ಟೋ ದಿನ ಅಡ್ಡ ಮಲಗಿಸಿಟ್ಟಿದ್ದ ಶಾಕ್ಸ್ ಎತ್ತಿ ಒಂದ್ಸಲ ಒತ್ತಿ, ಮಧ್ಯ ಖಾಲಿ ಹೊಡೀತಿದೆ, ಹೋಗಿದೆ ಅಂತ ಬಿಟ್ಟುಬಿಡ್ತಾರೆ. ಇದು ಎರಡು ಟ್ಯೂಬಿನ ಶಾಕ್ಸ್, ಮಲಗಿಸಿದ್ರೆ ಹೊರಗಿನ ಟ್ಯೂಬಲ್ಲಿರೋ ಗ್ಯಾಸ್ ಒಳಗಿನ ಟ್ಯೂಬಿಗೆ ಸೇರುತ್ತೆ. ಗಾಡಿಲಿ ಇರೋ ಹಾಗೆ ನೆಟ್ಟಗೆ ಹಿಡಿದು ರಾಡು ಪೂರ್ತಿ ಎಳೀರಿ, ತಲೆಕೆಳಗೆ ಮಾಡಿ ಪೂರ್ತಿ ಒತ್ತಿ, ಮತ್ತೆ ನೆಟ್ಟಗೆ ಮಾಡಿ ಎಳೀರಿ, ಹೀಗೆ 4-5 ಸಲ ಮಾಡಿದ್ರೆ ಅದು ಹೊರಗಿನ ಟ್ಯೂಬಿಗೆ ವಾಪಸ್ ಹೋಗುತ್ತೆ. ಅದಾದ್ಮೇಲೂ ಎಲ್ಲಾದ್ರೂ ಫಕ್ಕನೆ ಸಡಿಲ ಆಗಿ ಮತ್ತೆ ಹಿಡೀತಿದ್ರೆ ಅಥವಾ ಒಳಗೆ ಟಕ್ ಅಂತಿದ್ರೆ ಅದು ನಿಜವಾಗ್ಲೂ ಹೋಗಿರೋದು. ಒತ್ತೋಕಿಂತ ಎಳೆಯೋದು ಜಾಸ್ತಿ ಕಷ್ಟ ಆದ್ರೆ ಗಾಬರಿ ಬೇಡ, ಹಾಗೇ ಇರಬೇಕು, ಹಂಪ್ಸ್ ದಾಟಿದ್ಮೇಲೆ ಗಾಡಿ ಕುಣೀದೇ ಇರೋ ಹಾಗೆ ಸ್ಪ್ರಿಂಗ್ ಹಿಡಿಯೋದು ಆ ಎಳೆತವೇ. ಒತ್ತಿ ಬಿಟ್ರೆ ರಾಡು ತಾನಾಗೇ ನಿಧಾನಕ್ಕೆ ಹೊರಗೆ ಬರಬೇಕು, ಬರದಿದ್ರೆ ಗ್ಯಾಸ್ ಹೋಗಿದೆ. ಗ್ಯಾಸ್ ಇಲ್ಲದ ಬರೀ ಆಯಿಲ್ ಟೈಪಿಗೆ ಮಾತ್ರ ಈ ಟೆಸ್ಟ್ ನಡೆಯಲ್ಲ, ಅದು ಹೊಸದಿದ್ರೂ ಹೊರಗೆ ಬರಲ್ಲ.

ಶಾಕ್ಸ್ ತುದೀಲಿರೋ ರಬ್ಬರ್ ಬುಷ್ ಸೀಳಿರೋದು ದೊಡ್ಡ ವಿಷಯ ಅಲ್ಲ, ಬೇರೆ ಸಿಕ್ಕಿದ್ರೆ ಹಾಕಿಸ್ಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಒತ್ತಿ ನೋಡಿ, ಒಂದು ಗಟ್ಟಿ ಒಂದು ಮೆತ್ತಗೆ ಇದ್ರೆ ಒಂದು ಸವೆದಿದೆ, ಇಲ್ಲಾ ಅದು ಜೊತೆನೇ ಅಲ್ಲ, ಅಂಗಡಿಯವ್ರು ಸೇರಿಸಿರೋ ಜೋಡಿ.

ಇಷ್ಟೆಲ್ಲ ಪಾಸಾದ್ರೆ ತಗೋಬಹುದಾ? ಅದು ಎಲ್ಲಿಂದ ಬಂತು ಅನ್ನೋದರ ಮೇಲೆ ಹೋಗುತ್ತೆ. ಶಾಕ್ಸ್ ಸಾಮಾನ್ಯವಾಗಿ 80,000 ಕಿಮೀ ಆಸುಪಾಸಲ್ಲಿ ಬದಲಾಯಿಸಿ ಅಂತಾರೆ, ನಮ್ಮ ರೋಡಿಗೆ ಅದಕ್ಕೂ ಮುಂಚೆನೇ ಸುಸ್ತಾಗುತ್ತೆ. ಕಮ್ಮಿ ಓಡಿದ ಗಾಡಿ ಮುಂದೆ ಗುದ್ದಿ ಗುಜರಿಗೆ ಬಂದಿದೆ, ಅದರಿಂದ ನಿಮ್ಮ ಕಣ್ಣೆದುರೇ ಹಿಂದಿನ ಜೊತೆ ಬಿಚ್ಚಿ ಕೊಡ್ತಾರೆ ಅಂದ್ರೆ ತಗೊಳ್ಳಿ, ಒಳ್ಳೆ ವ್ಯಾಪಾರ. ರಾಶಿಯಿಂದ ಎತ್ತಿಕೊಟ್ಟಿದ್ದು, ಯಾವ ಗಾಡಿದೋ ಎಷ್ಟು ಓಡಿದೆಯೋ ಗೊತ್ತಿಲ್ಲ ಅಂದ್ರೆ ಬೇಡ, ವ್ಯಾಗನ್ ಆರ್‌ಗೆ ಹೊಸದು ಜೆಸಿ ರೋಡಲ್ಲಿ ಆರಾಮಾಗಿ ಸಿಗುತ್ತೆ. ಈಗ ತಯಾರಾಗದ ಕಾಂಟೆಸ್ಸಾ ಥರ ಹಳೇ ಕಾರು ಇಟ್ಕೊಂಡವ್ರು ರಾಶಿ ಹುಡುಕ್ಲಿ, ಅವ್ರಿಗೆ ಬೇರೆ ದಾರಿ ಕಮ್ಮಿ. ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ಸ್ ಸೇರಿ ಒಂದೇ ಸೆಟ್) ಆಗಿದ್ರೆ ನಾನು ಇನ್ನೂ ಖಡಾಖಂಡಿತ ಬೇಡ ಅಂತಿದ್ದೆ, ಗುಜರಿದು ಬೇಗ ಹೋದ್ರೆ ಸ್ಪ್ರಿಂಗ್ ಬಿಚ್ಚೋ ಕೂಲಿ, ಚಕ್ರದ ಅಲೈನ್‌ಮೆಂಟು, ಎಲ್ಲಾ ಎರಡು ಸಲ ಕೊಡ್ಬೇಕಾಗುತ್ತೆ. ಹಿಂದಿನದಕ್ಕೆ ಆ ತಲೆನೋವಿಲ್ಲ, ಸ್ಪ್ರಿಂಗ್ ಬೇರೆ ಶಾಕ್ಸ್ ಬೇರೆ.

ಯಾವ್ದೇ ಹಾಕ್ಸಿದ್ರೂ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ, ಗಾಡಿ ಜಾಕ್ ಮೇಲೆ ಇರೋವಾಗ ಬುಷ್ ಬೋಲ್ಟ್ ಫುಲ್ ಟೈಟ್ ಮಾಡ್ಬೇಡಿ, ಚಕ್ರ ನೆಲಕ್ಕೆ ಕೂತ್ಮೇಲೆ ಮಾಡಿ ಅಂತ, ಇಲ್ಲಾಂದ್ರೆ ಬುಷ್ ತಿರುಚಿಕೊಂಡೇ ಕೂತು ಬೇಗ ಹರಿದುಹೋಗುತ್ತೆ.