ಆಂತರ್ಯದ ಬಲಕ್ಕಾಗಿ ಬೇಡುವುದು: ಎಫೆಸ 3:14–21, ಅಧ್ಯಯನ ಟಿಪ್ಪಣಿ

ಮನೆ ಕೂಟಗಳಲ್ಲಿ "ಸ್ವಾಮೀ, ಬಲ ಕೊಡು" ಎಂದು ಬೇಡದವರಿಲ್ಲ. ಯಾವ ಬಲ, ಎಲ್ಲಿಗೆ, ಯಾತಕ್ಕೆ ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ತಡವರಿಸುತ್ತೇವೆ. ಈ ಮೂರಕ್ಕೂ ಉತ್ತರ ಒಂದೇ ಕಡೆ ಸಿಗುವ ಭಾಗ ಎಫೆಸ 3:14–21, ಬೈಬಲಿನಲ್ಲಿ ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರಿಕೆಯ ಒಂದು ಪ್ರಾರ್ಥನೆ. ಎಂಟೇ ವಚನ. ಇದಕ್ಕೆ ಕೈಹಾಕುವ ಮುಂಚೆ ಪತ್ರಿಕೆಯ ಆರು ಅಧ್ಯಾಯಗಳನ್ನೂ ಒಂದೇ ಪಟ್ಟಿಗೆ ಓದಿ. ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ಓದಲು ಶುರುಮಾಡಿದರೆ ಮೆಜೆಸ್ಟಿಕ್ ಬರುವಷ್ಟರಲ್ಲಿ ಮುಗಿಯುತ್ತದೆ.

ಮೊದಲು ಊರಿನ ವಿಷಯ. ಎಫೆಸ ಆರ್ತೆಮೀ ದೇವಿಯ ದೊಡ್ಡ ಗುಡಿ ಇದ್ದ ಪಟ್ಟಣ, ಮಾಟಮಂತ್ರಕ್ಕೂ ಹೆಸರಾಗಿತ್ತು. ಕರ್ತನನ್ನು ನಂಬಿದ ಮೇಲೆ ಅಲ್ಲಿಯ ಜನ ತಮ್ಮ ಮಂತ್ರದ ಪುಸ್ತಕಗಳನ್ನು ತಂದು ಸುಟ್ಟರು. ಅವುಗಳ ಬೆಲೆ 50,000 ಬೆಳ್ಳಿ ನಾಣ್ಯ ಎಂದು ಅಪೊಸ್ತಲರ ಕೃತ್ಯಗಳು (ಅ.ಕೃ.) 19:19 ಹೇಳುತ್ತದೆ. ಇಂಥ ಊರಿನವರಿಗೆ 'ಬಲ' ಎಂದರೆ ಸರಿಯಾದ ಪದ ಸರಿಯಾದ ಸಲ ಉಚ್ಚರಿಸಿ ವಶಮಾಡಿಕೊಳ್ಳುವ ವಸ್ತು. ಪೌಲನ ಪ್ರಾರ್ಥನೆ ಆ ಗ್ರಹಿಕೆಯನ್ನೇ ತಿರುವಿಹಾಕುತ್ತದೆ. (ಪತ್ರಿಕೆಯನ್ನು ಪೌಲನೇ ಬರೆದನೇ ಎಂಬ ಚರ್ಚೆ ಪಂಡಿತರಲ್ಲಿದೆ, ಕೆಲವು ಹಳೆಯ ಪ್ರತಿಗಳ 1:1ರಲ್ಲಿ 'ಎಫೆಸದಲ್ಲಿ' ಎಂಬ ಮಾತೂ ಇಲ್ಲ. ಇಲ್ಲಿ ಪತ್ರಿಕೆ ತನ್ನ ಬಗ್ಗೆ ಹೇಳಿಕೊಳ್ಳುವುದನ್ನೇ ಹಿಡಿದು ಹೋಗಿದ್ದೇವೆ.)

ಇನ್ನೊಂದು, ಕನ್ನಡದಲ್ಲಿ ಓದುವವರು ಸುಲಭವಾಗಿ ಜಾರುವ ಜಾಗ. ನಮ್ಮಲ್ಲಿ 'ನೀವು' ಎಂದರೆ ಬಹುವಚನವೂ ಹೌದು, ಒಬ್ಬರಿಗೆ ಕೊಡುವ ಮರ್ಯಾದೆಯೂ ಹೌದು. ಒಬ್ಬರೇ ಕುಳಿತು ಓದುವಾಗ ಪೌಲ ನನ್ನೊಬ್ಬನಿಗೇ ಗೌರವದಿಂದ ಬರೆದ ಹಾಗೆ ಕೇಳುತ್ತದೆ. ಮೂಲದ ಗ್ರೀಕಿನಲ್ಲಿ ಈ ಗೊಂದಲವೇ ಇಲ್ಲ, ಅಲ್ಲಿರುವುದು ಬಹುವಚನ ಮಾತ್ರ. ಪೆನ್ಸಿಲ್ ತೆಗೆದುಕೊಂಡು ಈ ಭಾಗದಲ್ಲಿ 'ನೀವು', 'ನಿಮಗೆ', 'ನಿಮ್ಮ' ಬಂದ ಕಡೆಯೆಲ್ಲ ಅಂಚಿನಲ್ಲಿ 'ಎಲ್ಲರೂ' ಎಂದು ಬರೆದುಕೊಳ್ಳಿ. ಅರ್ಧ ಅಪಾರ್ಥ ಅಲ್ಲೇ ಕಳಚುತ್ತದೆ.

ವಚನ 14–15

3:1ರಲ್ಲಿ "ಇದರ ನಿಮಿತ್ತ" ಎಂಬಂತೆ ವಾಕ್ಯ ಶುರುವಾಗಿ, "ಸೆರೆಯವನಾದ ಪೌಲನೆಂಬ ನಾನು" ಎಂಬಲ್ಲಿಗೆ ತುಂಡಾಗುತ್ತದೆ. ಆಮೇಲೆ ಹನ್ನೆರಡು ವಚನ ಬೇರೆ ಮಾತು. ಬಿಟ್ಟ ಎಳೆಯನ್ನು ಮತ್ತೆ ಹಿಡಿಯುವುದು 14ರಲ್ಲಿ. ನಡುವಿನ ಮಾತು ಮುಗಿಯುವ 13ನೇ ವಚನವನ್ನು ಗಮನಿಸಿ: ನನ್ನ ಕಷ್ಟ ಕಂಡು ನೀವು ಎದೆಗುಂದಬೇಡಿ ಎನ್ನುತ್ತಾನೆ. ಅಂದರೆ ಸಮಸ್ಯೆ ಸ್ಪಷ್ಟವಾಗಿದೆ: ಒಬ್ಬ ಸೆರೆಯಲ್ಲಿದ್ದಾನೆ, ಹೊರಗಿರುವವರ ಧೈರ್ಯ ಕುಸಿಯುತ್ತಿದೆ. ಆದರೂ ಮುಂದಿನ ಪ್ರಾರ್ಥನೆಯಲ್ಲಿ ಬಿಡುಗಡೆಯ ಸುದ್ದಿಯೇ ಇಲ್ಲ. ಕೊನೆಗೆ 6:19–20ರಲ್ಲಿ ತನಗಾಗಿ ಪ್ರಾರ್ಥಿಸಿ ಎಂದಾಗಲೂ ಅವನು ಕೇಳುವುದು ಧೈರ್ಯವಾಗಿ ಮಾತಾಡುವ ಬಾಯಿಯನ್ನು, ಬಾಗಿಲ ಕೀಲಿಯನ್ನಲ್ಲ.

ಮೊಣಕಾಲೂರುವುದು ಯೆಹೂದ್ಯರಲ್ಲಿ ದಿನನಿತ್ಯದ ರೂಢಿಯಾಗಿರಲಿಲ್ಲ, ಸಾಮಾನ್ಯವಾಗಿ ನಿಂತೇ ಪ್ರಾರ್ಥಿಸುತ್ತಿದ್ದರು (ಮಾರ್ಕ 11:25, ಲೂಕ 18ರ ಫರಿಸಾಯನೂ ಸುಂಕದವನೂ ನಿಂತಿದ್ದವರೇ). ಮೊಣಕಾಲೂರುವುದು ಹೃದಯ ಭಾರವಾದಾಗ, ಗೆತ್ಸೇಮನೆ ತೋಟದಲ್ಲಿ ಯೇಸುವಿಗೆ ಆದಂತೆ. ಇದೇ ಎಫೆಸದ ಹಿರಿಯರೊಂದಿಗೆ ಮಿಲೇತದಲ್ಲಿ ಪೌಲ ಮೊಣಕಾಲೂರಿದ್ದ, ಎಲ್ಲರೂ ಅತ್ತಿದ್ದರು (ಅ.ಕೃ. 20:36–37). ಮಂಡಿ ನೋವಿರುವವರು ಕುರ್ಚಿಯಲ್ಲಿ ಕುಳಿತರೆ ಪ್ರಾರ್ಥನೆ ಕಡಿಮೆಯಾಗುವುದಿಲ್ಲ. 15ನೇ ವಚನದಲ್ಲಿ ಗ್ರೀಕಿನ 'ಪಾತೇರ್' (ತಂದೆ), 'ಪಾತ್ರಿಯಾ' (ಕುಟುಂಬ) ಎಂಬ ಪದಗಳ ಆಟವಿದೆ. ಇಲ್ಲಿ ನಿಲ್ಲುವುದು ಬೇಡ, ಮುಂದೆ ಹೋಗೋಣ.

ವಚನ 16

ಇಡೀ ಪ್ರಾರ್ಥನೆಯ ತೂಕ ಇಲ್ಲಿದೆ. ನಾಲ್ಕು ಸಂಗತಿ ಬಿಡಿಸಿಕೊಳ್ಳಬೇಕು.

ಅಳತೆ: ಆತನ ಮಹಿಮೆಯ ಐಶ್ವರ್ಯದ 'ಪ್ರಕಾರ'. ಕೋಟಿಗಟ್ಟಲೆ ಇರುವವನು ಕಟ್ಟಡ ನಿಧಿಗೆ ನೂರು ರೂಪಾಯಿ ಬರೆಸಿದರೆ ಐಶ್ವರ್ಯ'ದಿಂದ' ಕೊಟ್ಟ ಹಾಗಾಯಿತು, ಐಶ್ವರ್ಯದ 'ಪ್ರಕಾರ' ಆಗಲಿಲ್ಲ. ಬೇಡುವವನ ಭಕ್ತಿ, ಉಪವಾಸದ ದಿನಗಳು, ಕಣ್ಣೀರು ಇವು ಯಾವುವೂ ಇಲ್ಲಿ ಅಳತೆಗೋಲಲ್ಲ.

ಕ್ರಿಯಾಪದ: 'ಬಲಗೊಳ್ಳಿರಿ' ಎಂಬ ಆಜ್ಞೆಯಲ್ಲ, 'ಬಲಪಡಿಸಲ್ಪಡುವಂತೆ' ಎಂಬ ಕರ್ಮಣಿ. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಕಿವಿಗೆ ಒರಟು. ಆದ್ದರಿಂದ ಅನುವಾದಗಳು ನಯಗೊಳಿಸುತ್ತವೆ. ನಯವಾದಾಗ, ಬಲ ಹೊಂದುವುದು ನಮ್ಮ ಕೆಲಸವೇನೋ ಎಂಬ ನೆರಳು ಬೀಳುತ್ತದೆ. ಮಾಡುವಾತನು ತಂದೆ, ಮಾಧ್ಯಮ ಪವಿತ್ರಾತ್ಮ, ನಾವು ಪಡೆಯುವವರು.

ಜಾಗ: 'ಆಂತರ್ಯ', ಮೂಲದಲ್ಲಿ 'ಒಳಗಣ ಮನುಷ್ಯ'. 2 ಕೊರಿಂಥ 4:16ರಲ್ಲಿ ಇದೇ ಮಾತು ಬರುತ್ತದೆ: ಹೊರಗಣ ಮನುಷ್ಯ ನಶಿಸುತ್ತಿದ್ದರೂ ಒಳಗಣವನು ದಿನೇ ದಿನೇ ಹೊಸಬನಾಗುತ್ತಾನೆ. ಅಂದಮೇಲೆ ಬಲ ಬಂದಿದೆಯೇ ಎಂದು ಮೈಯಲ್ಲಿ ಹುಡುಕಬಾರದು. ಮೈ ನಡುಗಬಹುದು, ನಡುಗದೆಯೂ ಇರಬಹುದು.

ಪದ: 'ಶಕ್ತಿ' ಎಂಬುದಕ್ಕೆ ಕನ್ನಡದಲ್ಲಿ ಬೇರೆ ಬೇರೆ ವಾಸನೆಗಳಿವೆ. ದೇವತೆಯೂ ಶಕ್ತಿ, ಕರೆಂಟೂ ಶಕ್ತಿ, 2023ರಿಂದ ಹೆಣ್ಣುಮಕ್ಕಳ ಉಚಿತ ಬಸ್ ಟಿಕೆಟ್ಟೂ 'ಶಕ್ತಿ'. ಈ ಭಾಗ ಕಲಿಸುವಾಗ 'ಗಟ್ಟಿತನ' ಎಂಬ ಪದ ಹೆಚ್ಚು ಹತ್ತಿರವೆಂದು ನಮ್ಮ ಅಭಿಪ್ರಾಯ. ತುಂಬಿಸಿ ಖರ್ಚುಮಾಡುವ ಪೆಟ್ರೋಲಲ್ಲ ಇದು, ಒತ್ತಡಕ್ಕೆ ಬಿರುಕು ಬಿಡದಿರುವ ಗುಣ.

ವಚನ 17

ಗಟ್ಟಿತನ ಯಾತಕ್ಕೆ? ಕ್ರಿಸ್ತನು ಹೃದಯದಲ್ಲಿ ವಾಸಮಾಡುವುದಕ್ಕೆ. ನಂಬಿದವರಲ್ಲಿ ಆತನು ಆಗಲೇ ಇಲ್ಲವೇ ಎಂಬ ಪ್ರಶ್ನೆ ಪ್ರತಿ ಅಧ್ಯಯನದಲ್ಲೂ ಏಳುತ್ತದೆ. ಉತ್ತರ ಕ್ರಿಯಾಪದದಲ್ಲಿದೆ. ಗ್ರೀಕಿನಲ್ಲಿ 'ಪಾರೊಯಿಕೆಯೊ' ಎಂದರೆ ಪರವೂರಿನವನಾಗಿ ತಂಗುವುದು (2:19ರ 'ಪರದೇಶಿ' ಆ ಬೇರಿನದೇ). ಇಲ್ಲಿರುವುದು 'ಕಾತೊಯಿಕೆಯೊ', ನೆಲೆಯಾಗಿ ವಾಸಿಸುವುದು. ನಮ್ಮ ಊರಿನವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಪಿಜಿಯಲ್ಲಿ ಇರುವವನು ಒಂದು ಮಂಚ, ಒಂದು ಕಪಾಟಿಗೆ ಒಡೆಯ; ಅಡುಗೆಮನೆಗೆ ಕಾಲಿಡುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಸ್ವಂತ ಮನೆಯವನು ಬೇಕಾದರೆ ಗೋಡೆಯನ್ನೇ ಒಡೆಸುತ್ತಾನೆ. ಕ್ರಿಸ್ತನಿಗೆ ನಾವು ಕೊಟ್ಟಿರುವುದು ಯಾವ ಒಡಂಬಡಿಕೆ? ಭಾನುವಾರದ ಹಜಾರ ಮಾತ್ರವೋ, ಸಾಲದ ಪತ್ರ ಇಟ್ಟಿರುವ ಬೀರುವೂ ಸೇರಿದೆಯೋ? ಗೋಡೆ ಒಡೆಯುವಾಗ ತಡೆದುಕೊಳ್ಳಲು ಒಳಗೆ ಗಟ್ಟಿತನ ಬೇಕು. 16 ಮೊದಲು, 17 ಆಮೇಲೆ ಬರುವುದು ಅದಕ್ಕೇ. (ಎರಡೂ ಒಂದೇ ಬೇಡಿಕೆಯ ಎರಡು ಮುಖ ಎನ್ನುವ ವ್ಯಾಖ್ಯಾನಕಾರರಿದ್ದಾರೆ, ಅದರಿಂದ ಪ್ರಾರ್ಥನೆಯ ರೂಪವೇನೂ ಬದಲಾಗದು.)

'ಬೇರೂರಿ, ನೆಲೆಗೊಂಡು' ಎಂಬಲ್ಲಿ ಮರ ಮತ್ತು ಕಟ್ಟಡ, ಎರಡು ಚಿತ್ರ ಒಟ್ಟಿಗೆ. ಏಪ್ರಿಲ್–ಮೇ ಮಳೆಗೆ ನಮ್ಮ ರಸ್ತೆಗಳಲ್ಲಿ ಗುಲ್‌ಮೊಹರ್ ಬಿದ್ದಾಗ ಬುಡ ನೋಡಿ. ಫುಟ್‌ಪಾತಿಗೆಂದು, ಚರಂಡಿಗೆಂದು ಒಂದು ಬದಿಯ ಬೇರು ಕತ್ತರಿಸಿರುತ್ತಾರೆ, ಉಳಿದ ಬುಡಕ್ಕೆ ಕಾಂಕ್ರೀಟು. ಮೇಲೆ ಹೂವಿಗೇನೂ ಕೊರತೆ ಇರುವುದಿಲ್ಲ. ಪೌಲ ಬೇರಿಗೆ ಹೇಳುವ ನೆಲ 'ಪ್ರೀತಿ'. ಸೇವೆ, ಹಾಡುಗಾರಿಕೆ, ಸಭೆಯ ಹುದ್ದೆ ಯಾವುದೂ ಆ ಜಾಗದಲ್ಲಿಲ್ಲ.

ವಚನ 18–19

ಬಲದ ಮಾತು ಇಲ್ಲಿ ಎರಡನೆಯ ಸಲ ಬರುತ್ತದೆ: ಗ್ರಹಿಸಲು ಶಕ್ತರಾಗುವಂತೆ. ಪ್ರೀತಿಸಲು ಬಲ ಬೇಕೆನ್ನುವುದು ಗೊತ್ತು. ಪ್ರೀತಿಯನ್ನು ನಂಬಿ ಒಪ್ಪಿಕೊಳ್ಳಲೂ ಬಲ ಬೇಕು ಎನ್ನುತ್ತಾನೆ. ಅಪ್ಪನಿಂದ ಪೆಟ್ಟು ತಿಂದೇ ಬೆಳೆದವರಿಗೆ 'ತಂದೆಯ ಪ್ರೀತಿ' ಎಂಬ ಮಾತು ಒಳಗಿಳಿಯುವುದಿಲ್ಲ. ಅವರ ಪರವಾಗಿ ಬೇಡಬೇಕಾದ ಬಲ ಇದೇ.

ಅಗಲ, ಉದ್ದ, ಎತ್ತರ, ಆಳ ಯಾವುದರದು ಎಂದು ವಾಕ್ಯದಲ್ಲಿ ಇಲ್ಲ. ಮುಂದಿನ ಮಾತಿನಿಂದ ಕ್ರಿಸ್ತನ ಪ್ರೀತಿಯದು ಎಂದು ಹೆಚ್ಚಿನವರು ಓದುತ್ತಾರೆ. ನಾಲ್ಕು ದಿಕ್ಕಿಗೆ ನಾಲ್ಕು ಗುಟ್ಟಿನ ಅರ್ಥ ಹುಡುಕುವ ಕಸರತ್ತು ಬೇಡ. 'ದೇವಜನರೆಲ್ಲರೊಂದಿಗೆ' ಎಂಬ ಮಾತು ಬಿಡಬೇಡಿ. ಒಬ್ಬರಿಗೆ ಎಟುಕುವ ಅಳತೆ ಅಲ್ಲ ಇದು. ಎಫೆಸದಲ್ಲಿ ಅದು ಯೆಹೂದ್ಯರೂ ಅನ್ಯಜನರೂ ಒಂದೇ ಪಂಕ್ತಿಯಲ್ಲಿ ಕೂರುವ ಪ್ರಶ್ನೆಯಾಗಿತ್ತು.

20–21 ಸ್ತೋತ್ರ. ಪತ್ರಿಕೆಯ ನಡುವೆಯೇ 'ಆಮೆನ್' ಬಂದುಬಿಡುತ್ತದೆ. 4:1ರಿಂದ ನಡತೆಯ ಭಾಗ, ಅದರ ಮೊದಲ ಬೇಡಿಕೆಗಳು ದೀನತೆ, ಸಾತ್ವಿಕತ್ವ, ದೀರ್ಘಶಾಂತಿ. ಕೊಲೊಸ್ಸೆ 1:11 ಇನ್ನೂ ನೇರ: ಸರ್ವಬಲದಿಂದ ಬಲಪಡಿಸಲ್ಪಡುವುದು ತಾಳ್ಮೆಗೂ ದೀರ್ಘಶಾಂತಿಗೂ, ಅದೂ ಸಂತೋಷದಿಂದ.

ಬೇಡುವ ಬಗೆ

ದಿನಕ್ಕೆ 12 ನಿಮಿಷ ಸಾಕು. 3 ನಿಮಿಷ ಈ ಎಂಟು ವಚನ ನಿಧಾನವಾಗಿ ಓದುವುದಕ್ಕೆ, 2 ನಿಮಿಷ ಮೌನ, 4 ನಿಮಿಷ ಬೇಡಿಕೆ, ಉಳಿದ 3 ಇನ್ನೊಬ್ಬರ ಹೆಸರು ಹಿಡಿದು ಅದೇ ಬೇಡಿಕೆ. ಗೋಡೆಗೆ ಗೋಡೆ ಅಂಟಿದ ಮನೆ, ಇರುವುದೊಂದೇ ಕೋಣೆ ಎನ್ನುವವರು 1 ಸಮುವೇಲ 1:13ರ ಹನ್ನಳನ್ನು ನೋಡಿ: ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಕೇಳುತ್ತಿರಲಿಲ್ಲ.

ಒಂದು ಉದಾಹರಣೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಯ ಪ್ರಾರ್ಥನೆ ಸಾಮಾನ್ಯವಾಗಿ ಹೀಗಿರುತ್ತದೆ: "ಸ್ವಾಮೀ, ನನ್ ಕೈಲಾಗ್ತಿಲ್ಲ, ಶಕ್ತಿ ಕೊಡಪ್ಪಾ." ತಪ್ಪೇನಿಲ್ಲ, ದೇವರಿಗೆ ಇಷ್ಟೇ ಸಾಕು. ಆದರೆ ಬೇಡುವವರಿಗೆ ಉತ್ತರ ಬಂದಾಗ ಗುರುತು ಸಿಗಬೇಕಲ್ಲ. ಅದಕ್ಕೆ ಪೌಲನ ಅಚ್ಚಿನಲ್ಲಿ ಹೊಯ್ದರೆ:

"ತಂದೆಯೇ, ಅತ್ತೆ ರಾತ್ರಿ ಮೂರನೇ ಸಲ ಕರೆದಾಗ ನನ್ನ ಬಾಯಿಂದ ಎಂಥ ಮಾತು ಬರುತ್ತದೆಂದು ನಿನಗೆ ಗೊತ್ತು. ಆ ಹೊತ್ತಿಗೆ ನಿನ್ನ ಆತ್ಮನ ಮೂಲಕ ನನ್ನ ಒಳಗನ್ನು ಗಟ್ಟಿಮಾಡು. ಆ ಕೋಣೆಗೂ ಕ್ರಿಸ್ತನೇ ಯಜಮಾನನಾಗಿರಲಿ. ನೀನು ನನ್ನನ್ನು ಎಷ್ಟು ಸಹಿಸಿದ್ದೀ ಎಂಬುದು ನನಗೆ ಆಗ ನೆನಪಾಗಲಿ. ನಾದಿನಿಗೂ ಇದೇ ಬಲ ಕೊಡು. ಬೇಡಿದ್ದಕ್ಕಿಂತ ಹೆಚ್ಚು ಮಾಡಲು ನೀನು ಶಕ್ತನು. ಯೇಸುವಿನ ಹೆಸರಿನಲ್ಲಿ, ಆಮೆನ್."

ಹೊತ್ತು, ಜಾಗ, ಬೀಳುವ ಬಗೆ ಮೂರೂ ಹೆಸರಾಗಿವೆ. ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂತೋ ಇಲ್ಲವೋ ತಿಳಿಯುತ್ತದೆ. ಹಾಗೆಯೇ, ನಾದಿನಿಗಾಗಿ ಪ್ರಾರ್ಥಿಸಿದ ಮೇಲೆ ವಾರದಲ್ಲಿ ಎರಡು ರಾತ್ರಿ ಬಂದಿರು ಎಂದು ಅವಳನ್ನು ಕೇಳುವುದೂ ಇರಲಿ. ಒಬ್ಬರ ಭಾರ ಒಬ್ಬರು ಹೊರಿರಿ ಎಂಬುದು ಗಲಾತ್ಯ 6:2.

ಕೆಡುವುದು ಎಲ್ಲಿ

ಹೆಚ್ಚಾಗಿ ಕೆಡುವುದು ಫಿಲಿಪ್ಪಿ 4:13ರಲ್ಲಿ. ಕಾರಿನ ಹಿಂದಿನ ಗಾಜಿನಲ್ಲಿ, ಪರೀಕ್ಷೆಯ ಹಾಲ್‌ಟಿಕೆಟ್ಟಿನ ಹಿಂದೆ "ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನು" ಎಂದಿರುತ್ತದೆ. ಹಿಂದಿನ ವಚನದಲ್ಲಿರುವ 'ಎಲ್ಲ' ಯಾವುದು? ಹೊಟ್ಟೆ ತುಂಬಿದ್ದರೂ ಹಸಿದಿದ್ದರೂ, ಸಮೃದ್ಧಿಯಲ್ಲೂ ಕೊರತೆಯಲ್ಲೂ ಇರಬಲ್ಲೆ ಎಂಬುದು. ಗೆಲ್ಲುವ ವಾಗ್ದಾನವೆಂದು ಹಿಡಿದವರು ಫಲಿತಾಂಶದ ದಿನ ದೇವರ ಮೇಲೆ ಮುನಿಸಿಕೊಳ್ಳುತ್ತಾರೆ.

ಎರಡನೆಯದು ಎಫೆಸದವರ ಹಳೆಯ ಕಾಯಿಲೆ: ಒಂದೇ ವಾಕ್ಯವನ್ನು ಮಂತ್ರದಂತೆ ನೂರೆಂಟು ಸಲ ಹೇಳುವುದು, ದನಿ ಏರಿಸಿದಷ್ಟೂ ಬಲ ಇಳಿಯುತ್ತದೆಂದು ಎಣಿಸುವುದು. ಹೇಳಿದ್ದನ್ನೇ ಸುಮ್ಮನೆ ಹೇಳಬೇಡಿ ಎಂಬ ಮತ್ತಾಯ 6:7 ಇದಕ್ಕೆ ಸಾಕು. ಪಟ್ಟು ಹಿಡಿದು ಬೇಡುವುದು ಬೇರೆ. ಪೌಲನೂ ತನ್ನ ಶರೀರವನ್ನು ಕಾಡುತ್ತಿದ್ದ 'ಮುಳ್ಳಿನ' ವಿಷಯವಾಗಿ ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು (2 ಕೊರಿಂಥ 12:8–9).

ಕೊನೆಯದನ್ನು ಸಭೆಗಳಲ್ಲಿ ಹೇಳುವವರು ಕಡಿಮೆ. ದಣಿವನ್ನು ಆತ್ಮಿಕ ಬಲಹೀನತೆ ಎಂದು ತಪ್ಪು ತಿಳಿಯುವುದು. 1 ಅರಸು 19ರಲ್ಲಿ ಪ್ರವಾದಿ ಎಲೀಯ ಸಾಯಬೇಕೆಂದು ಬೇಡಿಕೊಂಡು ಮಲಗಿದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು ತಿನ್ನು ಎಂದ. ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಆಮೇಲೆಯೇ ಹೋರೇಬ್ ಬೆಟ್ಟದವರೆಗೆ 40 ದಿನದ ನಡಿಗೆ. ನೈಟ್ ಶಿಫ್ಟ್ ಮುಗಿಸಿ ಬಂದು ನೇರ ಉಪವಾಸ ಕೂಟಕ್ಕೆ ಹೋಗಿ ತೂಕಡಿಸುವವರು ಮೊದಲು ನಿದ್ದೆ ಮಾಡಲಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಡವೆನಿಸುತ್ತದೆ ಎಂದರೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಪಾಠಕ್ಕೆ 1:15–23 ಓದಿಕೊಳ್ಳಿ. ಪತ್ರಿಕೆಯ ಮೊದಲ ಪ್ರಾರ್ಥನೆ ಅದು. ಅಲ್ಲಿ ಪೌಲ ಬಲ ಕೊಡು ಎನ್ನುವುದಿಲ್ಲ, ಕೆಲಸಮಾಡುತ್ತಿರುವ ಬಲ ಎಷ್ಟು ದೊಡ್ಡದೆಂದು ಕಾಣಲು ಕಣ್ಣು ಕೊಡು ಎನ್ನುತ್ತಾನೆ. ಒಂದು ಹಾಳೆಯ ಎಡಕ್ಕೆ ಆ ಬೇಡಿಕೆಗಳು, ಬಲಕ್ಕೆ ಇವು; ಎರಡು ಕಡೆಯೂ ಬರುವ ಪದಗಳ ಕೆಳಗೆ ಗೆರೆ ಎಳೆದು ತನ್ನಿ.